ಮನೆಯಂಗಳದಲ್ಲಿ ಪೆಟ್ರೋಲ್ ಟ್ಯಾಂಕ್ ಬದಲಿಸುವುದು ಹೇಗೆ

ಕಾರಿನ ರಿಪೇರಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಬದಲಿಸುವುದು ಸ್ಪ್ಯಾನರಿನ ಮಟ್ಟಿಗೆ ಸಲೀಸಾದ ಕೆಲಸ. ಕೆಲವು ಬೋಲ್ಟು, ಮೂರು ನಾಲ್ಕು ರಬ್ಬರ್ ಪೈಪು, ಮುಂದಿನ ಮೀಟರಿಗೆ ಹೋಗುವ ವೈರು, ಅಷ್ಟೇ. ಬ್ರೇಕ್ ಶೂ ಬದಲಿಸಿ ಕೈ ಪಳಗಿದವರಿಗೆ ಇಲ್ಲಿ ಹೊಸದಾಗಿ ಕಲಿಯಬೇಕಾದ ಕೈಚಳಕ ಏನೂ ಇಲ್ಲ. ಆದರೂ ಅನುಭವಸ್ಥ ಮೆಕ್ಯಾನಿಕ್ ಈ ಕೆಲಸಕ್ಕೆ ಕೂರುವ ಮುಂಚೆ ಸುತ್ತಮುತ್ತ ಒಮ್ಮೆ ಕಣ್ಣಾಡಿಸುತ್ತಾನೆ. ದೀಪ ಎಲ್ಲಿದೆ, ಸ್ವಿಚ್ಚು ಎಲ್ಲಿದೆ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿಕೊಳ್ಳುತ್ತಾನೆ. ಪೆಟ್ರೋಲಿನ ಆವಿಯ ನಡತೆ ಅರ್ಥವಾದವರಿಗೆ ಈ ಕೆಲಸದ ಮುಕ್ಕಾಲು ಪಾಲು ಅರ್ಥವಾದಂತೆ. ಉಳಿದದ್ದು ನಟ್ಟು ಬೋಲ್ಟಿನ ವಿಷಯ.

ಉದಾಹರಣೆಗೆ ಮಾರುತಿ 800 ಕಾರನ್ನೇ ಇಟ್ಟುಕೊಳ್ಳೋಣ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೂ ತಯಾರಾದ ಈ ಕಾರು ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿದೆ. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಪ್ರೀತಿಯಿಂದ ಕಾಪಾಡುತ್ತಿರುವವರಿದ್ದಾರೆ. 28 ಲೀಟರಿನ ಉಕ್ಕಿನ ಟ್ಯಾಂಕು ಹಿಂಬದಿಯ ನೆಲದಡಿ ಇರುತ್ತದೆ. ಹಳೆಯ ಕಾರ್ಬ್ಯುರೇಟರ್ ಮಾದರಿಯಲ್ಲಿ ಪೆಟ್ರೋಲನ್ನು ಎಳೆಯುವ ಪಂಪು ಎಂಜಿನ್ನಿಗೇ ಅಂಟಿಕೊಂಡಿದ್ದು ಯಾಂತ್ರಿಕವಾಗಿ ಕೆಲಸ ಮಾಡುತ್ತದೆ. ಮನೆಯಲ್ಲಿ ಕೈ ಹಾಕಲು ಇಂಥ ಕಾರೇ ಸರಿ. ಈಚಿನ ಕಾರುಗಳಲ್ಲಿ ಟ್ಯಾಂಕು ಪ್ಲಾಸ್ಟಿಕ್ಕಿನದು, ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ, ಪೈಪಿನಲ್ಲಿ ಸುಮಾರು ಮೂರು ಬಾರ್ ಒತ್ತಡ ನಿಂತಿರುತ್ತದೆ. ತತ್ವ ಒಂದೇ ಆದರೂ ಬಿಚ್ಚುವ ಕ್ರಮ ಬೇರೆ. ಸಿಎನ್‌ಜಿ ಕಿಟ್ ಹಾಕಿಸಿದ ಕಾರನ್ನಂತೂ ಮನೆಯಲ್ಲಿ ಮುಟ್ಟಬೇಡಿ. ತುಂಬಿದ ಆ ಸಿಲಿಂಡರಿನಲ್ಲಿ 200 ಬಾರ್ ಒತ್ತಡವಿರುತ್ತದೆ.

ಟ್ಯಾಂಕು ಹಾಳಾಗುವುದು ಎರಡು ಕಡೆಯಿಂದ. ಹೊರಗಿನ ತುಕ್ಕು ಕಣ್ಣಿಗೆ ಕಾಣುತ್ತದೆ ಎಂದುಕೊಂಡಿರುತ್ತೇವೆ, ಆದರೆ ಕೆಳಗಿನಿಂದ ಇಣುಕಿದರೆ ಟ್ಯಾಂಕಿನ ಹೊಟ್ಟೆ ಮಾತ್ರ ಕಾಣುತ್ತದೆ. ನಿಜವಾಗಿ ತಿಂದುಹೋಗುವುದು ಮೇಲ್ಭಾಗ. ಚಕ್ರ ಎರಚಿದ ಕೆಸರು ಟ್ಯಾಂಕಿಗೂ ಕಾರಿನ ನೆಲಕ್ಕೂ ನಡುವಿನ ಸಂದಿಯಲ್ಲಿ ಕೂತು ಮಳೆಗಾಲವಿಡೀ ಒದ್ದೆಯಾಗೇ ಇರುತ್ತದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಣಗುವುದೇ ಇಲ್ಲ. ಕರಾವಳಿಯಲ್ಲಾದರೆ ಗಾಳಿಯ ಉಪ್ಪೂ ಜೊತೆಗೂಡುತ್ತದೆ. ಎರಡು ಹಾಳೆಗಳನ್ನು ಜೋಡಿಸಿದ ಅಂಚು ಮತ್ತು ಹಿಡಿಪಟ್ಟಿ ತಾಗುವ ಗೆರೆ ಮೊದಲು ತೂತಾಗುವ ಜಾಗಗಳು. ಟ್ಯಾಂಕು ತುಂಬಿಸಿದ ದಿನ ಮಾತ್ರ ಪೆಟ್ರೋಲ್ ವಾಸನೆ ಬಂದು ಅರ್ಧಕ್ಕಿಳಿದ ಮೇಲೆ ನಿಂತರೆ ತೂತು ಮೇಲ್ಭಾಗದಲ್ಲಿದೆ ಅಥವಾ ತುಂಬುವ ಪೈಪಿನ ಕೀಲಿನಲ್ಲಿದೆ ಎಂದು ಅರ್ಥ.

ಒಳಗಿನ ತುಕ್ಕಿಗೆ ಕಾರಣ ನೀರು. ಮುಚ್ಚಳದ ರಬ್ಬರ್ ಸವೆದು ಮಳೆನೀರು ಇಳಿಯಬಹುದು, ಅರೆಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವವೇ ರಾತ್ರಿ ತಣ್ಣಗಾಗಿ ಹನಿಯಾಗಬಹುದು. ಹಿಂದೆ ಈ ನೀರು ಪೆಟ್ರೋಲಿನಡಿ ಬೇರೆಯೇ ಆಗಿ ನಿಲ್ಲುತ್ತಿತ್ತು. ಈಗ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಎಥೆನಾಲ್ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಿದ್ದರೆ ಅದು ಒಳ್ಳೆಯದೇ, ಕರಗಿದ ನೀರು ಎಂಜಿನ್ ಮೂಲಕ ಹೋಗಿಬಿಡುತ್ತದೆ. ಮಿತಿ ಮೀರಿದಾಗ ತೊಂದರೆ. ಶೇ. 10 ಎಥೆನಾಲ್ ಇರುವ ಪೆಟ್ರೋಲ್ ಹಿಡಿದಿಟ್ಟುಕೊಳ್ಳುವ ನೀರು ಸುಮಾರು ಅರ್ಧ ಪ್ರತಿಶತ, ಅಂದರೆ 28 ಲೀಟರಿಗೆ 140 ಮಿಲಿಲೀಟರ್. ಅದಕ್ಕಿಂತ ಹೆಚ್ಚಾದರೆ ನೀರು ತಾನೊಂದೇ ಬೇರೆಯಾಗುವುದಿಲ್ಲ, ಎಥೆನಾಲನ್ನೂ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಹೋಗುವ ಪೈಪು ಹೀರುವುದು ಆ ತಳದಿಂದಲೇ. ತಿಂಗಳುಗಟ್ಟಲೆ ನಿಂತ ಕಾರು ಸ್ಟಾರ್ಟ್ ಆಗದಿದ್ದಾಗ ಟ್ಯಾಂಕು ಖಾಲಿ ಮಾಡಿಸಿ ಎಂದು ಮೆಕ್ಯಾನಿಕ್ ಹೇಳುವುದು ಇದೇ ಕಾರಣಕ್ಕೆ. ಬರೀ ನೀರಿನ ದೂರಾಗಿದ್ದರೆ ಖಾಲಿ ಮಾಡಿದರೆ ಸಾಕು. ಫಿಲ್ಟರಿನಲ್ಲಿ ಕಂದು ಪುಡಿ ಪದೇ ಪದೇ ಸಿಗುತ್ತಿದ್ದರೆ ಟ್ಯಾಂಕನ್ನೇ ಬದಲಿಸುವುದು ಮೇಲು.

ಸಣ್ಣ ಸೋರಿಕೆಗೆ ಬಟ್ಟೆ ಸೋಪು ತಿಕ್ಕಿ, ಎಂ-ಸೀಲ್ ಮೆತ್ತಿ ವರ್ಷಗಟ್ಟಲೆ ಓಡಿಸುವವರಿದ್ದಾರೆ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲವಾದ್ದರಿಂದ ದಾರಿಯಲ್ಲಿ ಕೈಕೊಟ್ಟಾಗ ಊರು ಮುಟ್ಟಲು ಅದು ನಿಜವಾಗಿ ನೆರವಾಗುತ್ತದೆ. ಅದನ್ನೇ ದುರಸ್ತಿ ಎಂದುಕೊಳ್ಳಬಾರದು. ಒಂದು ಕಡೆ ತೂತಾದ ಹಾಳೆ ಉಳಿದ ಕಡೆಯೂ ತೆಳುವಾಗಿರುತ್ತದೆ.

ಆವಿಯ ಲೆಕ್ಕ

ಪೆಟ್ರೋಲಿನ ದ್ರವ ತಾನಾಗಿ ಉರಿಯುವುದಿಲ್ಲ. ಉರಿಯುವುದು ಅದರಿಂದ ಎದ್ದು ಗಾಳಿಯೊಂದಿಗೆ ಬೆರೆತ ಆವಿ. ಹೊತ್ತಿಕೊಳ್ಳುವಷ್ಟು ಆವಿ ಏಳಲು ಬಿಸಿಲು ಬೇಕಿಲ್ಲ, ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಏಳುತ್ತದೆ. ಡೀಸೆಲ್ ಹಾಗಲ್ಲ. ನಮ್ಮ ಬಿಎಸ್-6 ಮಾನದಂಡದ ಪ್ರಕಾರ ಅದರ ಆವಿ ಕನಿಷ್ಠ 35 ಡಿಗ್ರಿಯವರೆಗೆ ಹೊತ್ತಿಕೊಳ್ಳುವಂತಿರಬಾರದು. ಡೀಸೆಲ್ ಟ್ಯಾಂಕಿನ ಮೇಲೆ ಕೆಲಸ ಮಾಡಿದ ರೂಢಿಯಲ್ಲಿ ಪೆಟ್ರೋಲ್ ಟ್ಯಾಂಕಿಗೆ ಕೈ ಹಾಕುವವರು ಈ ಅಂತರವನ್ನು ಮರೆಯಬಾರದು.

ಆವಿ ಗಾಳಿಯಲ್ಲಿ ಸುಮಾರು 1.4 ಪ್ರತಿಶತದಿಂದ 7.6 ಪ್ರತಿಶತದವರೆಗೆ ಇದ್ದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಉರಿಯಲು ಆವಿ ಸಾಲದು, ಹೆಚ್ಚಾದರೆ ಗಾಳಿ ಸಾಲದು. ಈಗ 28 ಲೀಟರಿನ ಟ್ಯಾಂಕಿಗೆ ಲೆಕ್ಕ ಹಾಕಿ. ಅದರೊಳಗಿನ ಗಾಳಿಯಲ್ಲಿ 1.4 ಪ್ರತಿಶತ ಆವಿ ತುಂಬಲು ಬೇಕಾದ ಪೆಟ್ರೋಲ್ ಸರಿಸುಮಾರು ಎರಡು ಮಿಲಿಲೀಟರ್, ಅರ್ಧ ಟೀ ಚಮಚವೂ ಅಲ್ಲ. ಮೇಲಿನ ಮಿತಿ ಮುಟ್ಟಲು ಸುಮಾರು 12 ಮಿಲಿಲೀಟರ್. ಪೆಟ್ರೋಲ್ ಇರುವ ಟ್ಯಾಂಕಿನೊಳಗೆ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ ಅಲ್ಲಿ ಉರಿಯಲು ಗಾಳಿಯೇ ಸಾಲುವುದಿಲ್ಲ. ಪೂರ್ತಿ ಸುರಿದು ‘ಖಾಲಿಯಾಯಿತು’ ಎಂದು ಪಕ್ಕಕ್ಕಿಟ್ಟ ಟ್ಯಾಂಕಿನ ಮೂಲೆ, ಅಂಚುಗಳಲ್ಲಿ ಎರಡರಿಂದ ಹನ್ನೆರಡು ಮಿಲಿಲೀಟರ್ ಉಳಿದಿರುವುದು ತೀರ ಸಹಜ. ಹಾಗಾಗಿ ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಇನ್ನೊಂದು ಲೆಕ್ಕ ನೆಲಕ್ಕೆ ಚೆಲ್ಲಿದ ಪೆಟ್ರೋಲಿನದು. ಒಂದು ಲೀಟರ್ ಪೂರ್ತಿ ಆವಿಯಾದರೆ ಸುಮಾರು 13,000 ಲೀಟರ್ ಗಾಳಿಯನ್ನು ಹೊತ್ತಿಕೊಳ್ಳುವ ಮಟ್ಟಕ್ಕೆ ತರಬಲ್ಲದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಗೆ ಎರಡು ಲೀಟರಿಗಿಂತ ತುಸು ಹೆಚ್ಚಾದರೆ ಸಾಕು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಕೋಣೆಯ ತುಂಬ ಸಮನಾಗಿ ಹರಡುವುದೂ ಇಲ್ಲ. ಚೆಲ್ಲಿದ ನೀರಿನ ಹಾಗೆ ನೆಲಕ್ಕೆ ಅಂಟಿಕೊಂಡು ಇಳಿಜಾರು ಹುಡುಕಿಕೊಂಡು ಹೋಗುತ್ತದೆ. ಬೆಂಗಳೂರಿನ ಮನೆಗಳಲ್ಲಿ ಕಾರು ನಿಲ್ಲಿಸುವ ಪೋರ್ಟಿಕೋದ ಅಡಿಯಲ್ಲೇ ನೀರಿನ ಸಂಪು ಇರುತ್ತದೆ, ಅದರ ಮುಚ್ಚಳ ಕಾರಿನ ಬುಡದಲ್ಲೇ ಇರುತ್ತದೆ. ಆವಿ ಸಂಪಿಗೆ ಇಳಿದರೆ ಅಲ್ಲೇ ನಿಂತುಬಿಡುತ್ತದೆ. ಸಂಜೆ ನೀರು ಏರಿಸಲು ಯಾರೋ ಮೋಟರಿನ ಸ್ವಿಚ್ ಹಾಕುತ್ತಾರೆ. ಗೋಡೆಯಾಚೆ ಗ್ಯಾಸ್ ಗೀಸರ್, ಮೆಟ್ಟಿಲ ಕೆಳಗೆ ಯುಪಿಎಸ್, ಬಾಗಿಲಲ್ಲಿ ತುಳಸಿಯ ದೀಪ ಇರುತ್ತವೆ. ಕಿಡಿಯ ಮೂಲಗಳನ್ನು ಹುಡುಕುವಾಗ ಕಾರಿನ ಹತ್ತಿರವಷ್ಟೇ ನೋಡದೆ ಗಾಳಿ ಮತ್ತು ಇಳಿಜಾರು ಹೋಗುವ ಕಡೆಗೆಲ್ಲ ನೋಡಬೇಕು.

ಆದ್ದರಿಂದ ಜಾಗದ ಆಯ್ಕೆ ಎಲ್ಲಕ್ಕಿಂತ ಮೊದಲು. ಮೇಲೆ ಸೂರಿಲ್ಲದ, ಸುತ್ತ ಗಾಳಿಯಾಡುವ, ಚರಂಡಿ ಮತ್ತು ಬಾವಿಯಿಂದ ದೂರವಿರುವ, ಗಟ್ಟಿಯಾದ ಸಮತಟ್ಟು ನೆಲ ಬೇಕು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಶಟರ್ ಎಳೆದ ಗ್ಯಾರೇಜಿನಲ್ಲಿ, ಮುಚ್ಚಿದ ಪೋರ್ಟಿಕೋದಲ್ಲಿ ಈ ಕೆಲಸ ಮಾಡಬಾರದು. ಅಂಥ ಜಾಗ ಸಿಗದಿದ್ದರೆ ಕಾರನ್ನು ವರ್ಕ್‌ಶಾಪಿಗೆ ಕೊಡುವುದೇ ಸರಿ. ಕೂಲಿ ಉಳಿಸಲು ಹೋಗಿ ಇಡೀ ಕಟ್ಟಡದವರನ್ನು ಅಪಾಯಕ್ಕೆ ಒಡ್ಡುವ ಹಕ್ಕು ಯಾರಿಗೂ ಇಲ್ಲ. ಕೆಲಸವನ್ನು ಬೆಳಗಿನ ಬೆಳಕಿನಲ್ಲೇ ಮುಗಿಸಿ. ಬಲ್ಬು ಬೇಕಾಗುವ ಹೊತ್ತಿಗೆ ಟ್ಯಾಂಕು ಬಿಚ್ಚಿರಬಾರದು. ಎಬಿಸಿ ಪುಡಿಯ ಅಗ್ನಿಶಾಮಕ ಒಂದು ಕೈಗೆಟಕುವಷ್ಟು ದೂರದಲ್ಲಿರಲಿ. ಕಾರಿನ ಅಡಿಯಲ್ಲಿಟ್ಟರೆ ಬೆಂಕಿ ಹೊತ್ತಿದಾಗ ಅದೇ ಸಿಗುವುದಿಲ್ಲ. ಪೆಟ್ರೋಲ್ ಬೆಂಕಿಗೆ ನೀರು ಎರಚಬಾರದು, ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ. ಒಂದು ಬುಟ್ಟಿ ಒಣ ಮರಳು ಚೆಲ್ಲಿದ್ದನ್ನು ಹೀರಿಸಲು ಬೇಕು. ಜೊತೆಗೆ ಇನ್ನೊಬ್ಬರು ಇರಲೇಬೇಕು, ಮಕ್ಕಳು ಹತ್ತಿರ ಬರದಂತೆ ನೋಡಿಕೊಳ್ಳುವುದೂ ಅವರ ಕೆಲಸವೇ.

ಖಾಲಿ ಮಾಡುವುದು

ಟ್ಯಾಂಕು ಖಾಲಿ ಮಾಡುವ ಅತ್ಯುತ್ತಮ ಉಪಾಯ ಕಾರನ್ನು ಓಡಿಸುವುದು. ಸೋರಿಕೆ ಜೋರಾಗಿಲ್ಲದೆ ಪೆಟ್ರೋಲಿನಲ್ಲಿ ನೀರೂ ಇಲ್ಲದಿದ್ದರೆ ಮುಳ್ಳು ರಿಸರ್ವಿಗೆ ಇಳಿಯುವವರೆಗೆ ಎಂದಿನಂತೆ ಓಡಿಸಿ. ಮೂರು ನಾಲ್ಕು ಲೀಟರ್ ಮಾತ್ರ ಉಳಿದಿರುವಾಗ ಕೆಲಸಕ್ಕೆ ಕೂತರೆ ತೆಗೆಯಬೇಕಾದ ಪೆಟ್ರೋಲೂ ಕಡಿಮೆ, ಇಳಿಸುವಾಗ ಭಾರವೂ ಕಡಿಮೆ. ತುಂಬಿದ 28 ಲೀಟರ್ ಪೆಟ್ರೋಲ್ ಇಪ್ಪತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ಅದು ಒಳಗೆ ಅಲುಗಾಡುವುದರಿಂದ ಟ್ಯಾಂಕು ಜಾಕಿಯ ಮೇಲೆ ನೆಟ್ಟಗೆ ನಿಲ್ಲುವುದೂ ಇಲ್ಲ.

ಉಳಿದದ್ದನ್ನು ತೆಗೆಯುವ ಮುಂಚೆ ಎಂಜಿನ್ನು, ಸೈಲೆನ್ಸರು ಪೂರ್ತಿ ತಣ್ಣಗಾಗಲಿ. ಇಂಜೆಕ್ಷನ್ ಕಾರಾದರೆ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಚಾಲೂ ಬಿಟ್ಟರೆ ಪೈಪಿನ ಒತ್ತಡ ಇಳಿಯುತ್ತದೆ. ಇದನ್ನು ಟ್ಯಾಂಕಿನ ಮುಚ್ಚಳ ತೆಗೆಯುವ ಮೊದಲೇ ಮಾಡಿಕೊಳ್ಳಬೇಕು. ಆಮೇಲೆ ಬ್ಯಾಟರಿಯ ನೆಗೆಟಿವ್ ವೈರು ತೆಗೆದು ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಇದಾದ ಮೇಲೆಯೇ ಪೆಟ್ರೋಲ್ ಮುಚ್ಚಳ ತಿರುಗಿಸಿ ಒಳಗಿನ ಆವಿಯ ಒತ್ತಡ ಬಿಡುವುದು.

ಕೆಲವು ಟ್ಯಾಂಕುಗಳ ತಳದಲ್ಲಿ ಡ್ರೈನ್ ಬೋಲ್ಟ್ ಇರುತ್ತದೆ. ಇದ್ದರೆ ಅದರಷ್ಟು ಸುಲಭದ ದಾರಿ ಬೇರೆಯಿಲ್ಲ, ತಳದ ನೀರೂ ಮೊದಲು ಅದರಲ್ಲೇ ಬರುತ್ತದೆ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಜಗ್ಗಾಡಬೇಡಿ. ತೆಳುವಾದ ಹಾಳೆಯೇ ಹರಿದು ಪೆಟ್ರೋಲ್ ಒಮ್ಮೆಲೇ ಸುರಿಯುತ್ತದೆ. ಬೋಲ್ಟ್ ಇಲ್ಲದಿದ್ದರೆ ಪೈಪ್ ಇಳಿಬಿಟ್ಟು ಎಳೆಯಬೇಕು. ತುಂಬುವ ಬಾಯಿಂದ ಪೈಪ್ ಒಳಕ್ಕೆ ಹೋಗದಂತೆ ಕೆಲವು ಕಾರುಗಳಲ್ಲಿ ಜಾಲರಿಯೋ ತಡೆಯೋ ಇರುತ್ತದೆ. ಅಂಥ ಕಡೆ ಬಲವಂತ ಮಾಡಿದರೆ ಪೈಪ್ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪನ್ನು ಫಿಲ್ಟರಿನ ಬಳಿ ಬಿಚ್ಚಿ ಅಲ್ಲಿಗೆ ಕೈಪಂಪು ಜೋಡಿಸಬಹುದು.

ಬಾಯಲ್ಲಿ ಎಳೆಯುವ ಅಭ್ಯಾಸವನ್ನು ಇಂದಿಗೇ ಬಿಡಿ. ಬೈಕಿನಿಂದ ಬೈಕಿಗೆ ಪೆಟ್ರೋಲ್ ಕೊಡುವಾಗ ಎಲ್ಲರೂ ಮಾಡುವುದು ಇದನ್ನೇ, ಎಲ್ಲರೂ ಎಂದಾದರೊಮ್ಮೆ ಗುಟುಕು ನುಂಗಿದವರೇ. ಹೊಟ್ಟೆಗೆ ಹೋದ ಪೆಟ್ರೋಲಿಗಿಂತ ಶ್ವಾಸಕೋಶಕ್ಕೆ ಇಳಿದದ್ದು ಹೆಚ್ಚು ಅಪಾಯ. ಒಂದೆರಡು ಹನಿ ಉಸಿರಿನ ದಾರಿಗೆ ಹೋದರೂ ನ್ಯುಮೋನಿಯಾದಂಥ ತೀವ್ರ ಉರಿಯೂತ ಆಗಬಲ್ಲದು. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ವಾಂತಿಯಾಗುವಾಗ ಅದು ಮತ್ತೆ ಉಸಿರಿನ ದಾರಿಗೆ ಹೋಗುವ ಸಂಭವವೇ ಹೆಚ್ಚು. ಕೆಮ್ಮು, ಉಬ್ಬಸ ಕಂಡರೂ ಕಾಣದಿದ್ದರೂ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ನಡುವೆ ರಬ್ಬರ್ ಬುಗುಟು ಇರುವ ಕೈಪಂಪು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ನಾಲ್ಕಾರು ಸಲ ಹಿಸುಕಿದರೆ ಪೈಪ್ ತುಂಬುತ್ತದೆ, ಆಮೇಲೆ ತಾನಾಗಿ ಹರಿಯುತ್ತದೆ. ಹರಿಯಬೇಕಾದರೆ ಪೈಪಿನ ಹೊರತುದಿ ಟ್ಯಾಂಕಿನೊಳಗಿನ ಪೆಟ್ರೋಲ್ ಮಟ್ಟಕ್ಕಿಂತ ಕೆಳಗಿರಬೇಕು. ಕಾರಿನ ಟ್ಯಾಂಕು ನೆಲಕ್ಕೆ ಹತ್ತಿರವಾದ್ದರಿಂದ ಕೊನೆಯ ಲೀಟರ್ ಹೀಗೆ ಬರುವುದಿಲ್ಲ. ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ನಂತರವೇ ಅದನ್ನು ತೆಗೆಯಿರಿ. ಗಾಡಿಯ ವಿದ್ಯುತ್ ಪಂಪು, ವ್ಯಾಕ್ಯೂಮ್ ಕ್ಲೀನರು ಯಾವುದನ್ನೂ ಹತ್ತಿರ ತರಬೇಡಿ, ಅವುಗಳ ಮೋಟರಿನೊಳಗೇ ಕಿಡಿ ಇರುತ್ತದೆ.

ಪೆಟ್ರೋಲನ್ನು ಯಾವುದಕ್ಕೆ ಹಿಡಿಯಬೇಕು ಎಂಬ ಬಗ್ಗೆ ನಮ್ಮ ಕಾನೂನೇ ಸ್ಪಷ್ಟವಾಗಿ ಹೇಳಿದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಪೆಟ್ರೋಲ್ ಒಟ್ಟು 30 ಲೀಟರ್. ಅದು ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿರಬೇಕು. ಲೋಹದ್ದಾದರೆ ಒಂದೊಂದೂ 25 ಲೀಟರಿಗಿಂತ ದೊಡ್ಡದಿರಬಾರದು, ಗಾಜು ಅಥವಾ ಪಿಂಗಾಣಿಯದಾದರೆ ಒಂದು ಲೀಟರಿಗಿಂತ ದೊಡ್ಡದಿರಬಾರದು. ನೀರಿನ ಬಾಟಲು, ಎಣ್ಣೆಯ ಪ್ಲಾಸ್ಟಿಕ್ ಕ್ಯಾನು, ಬಣ್ಣದ ಬಕೆಟ್ಟು ಆ ಪಟ್ಟಿಯಲ್ಲಿ ಇಲ್ಲ. ಕಾರಣವೂ ಇದೆ. ಪೈಪಿನಲ್ಲಿ ಹರಿಯುವ ಪೆಟ್ರೋಲ್ ಸ್ಥಿರವಿದ್ಯುತ್ತನ್ನು ಹುಟ್ಟಿಸುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಅದು ಇಳಿದುಹೋಗದೆ ಕೂಡಿಕೊಳ್ಳುತ್ತದೆ. ಲೋಹದ ಕ್ಯಾನನ್ನು ನೇರ ನೆಲದ ಮೇಲಿಟ್ಟು, ಕ್ಯಾನಿನಿಂದ ಕಾರಿನ ಲೋಹದ ಮೈಗೆ ಒಂದು ವೈರು ಕಟ್ಟಿ, ಆಮೇಲೆ ಪೈಪ್ ಬಿಡಿ. ಪೈಪಿನ ತುದಿ ಕ್ಯಾನಿನ ತಳ ಮುಟ್ಟುತ್ತಿರಲಿ, ಮೇಲಿಂದ ಧಾರೆಯಾಗಿ ಬೀಳುವುದು ಬೇಡ. ನೈಲಾನ್, ಪಾಲಿಯೆಸ್ಟರ್ ಬಟ್ಟೆಯ ಬದಲು ಹತ್ತಿಯ ಬಟ್ಟೆ ತೊಡಿ. ಕ್ಯಾನಿನ ಕಂಠದವರೆಗೆ ತುಂಬಬೇಡಿ. 20 ಲೀಟರ್ ಪೆಟ್ರೋಲ್ ಬೆಳಗಿನ ತಂಪಿನಿಂದ ಮಧ್ಯಾಹ್ನದ ಹೊತ್ತಿಗೆ 20 ಡಿಗ್ರಿ ಬಿಸಿಯಾದರೆ ಸುಮಾರು 400 ಮಿಲಿಲೀಟರ್ ಹಿಗ್ಗುತ್ತದೆ.

ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಬಿಎಸ್-6 ಪೆಟ್ರೋಲಿನಲ್ಲೂ ಒಂದು ಪ್ರತಿಶತದವರೆಗೆ ಬೆಂಜೀನ್ ಇರಬಹುದು, ಅದು ಕ್ಯಾನ್ಸರ್‌ಕಾರಕ. ಪೆಟ್ರೋಲಿನಲ್ಲಿ ಕೈ ತೊಳೆಯುವ ಗ್ಯಾರೇಜಿನ ಹುಡುಗರಿಗೂ ಯಾರಾದರೂ ಇದನ್ನು ಹೇಳಬೇಕು.

ಇಳಿಸುವುದು

ಕಾರಿನಡಿ ಮಲಗುವ ಕೆಲಸಕ್ಕೆ ಜಾಕಿಯೊಂದನ್ನೇ ನಂಬಬಾರದು. ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ, ಎರಡೂ ಬದಿಗೆ ಆಕ್ಸಲ್ ಸ್ಟ್ಯಾಂಡ್ ಇಟ್ಟು, ಕಾರನ್ನು ಕೈಯಿಂದ ಜೋರಾಗಿ ಅಲುಗಿಸಿ ನೋಡಿ. ಸ್ಟ್ಯಾಂಡ್ ಇಲ್ಲವೆಂದು ಸಿಮೆಂಟ್ ಬ್ಲಾಕ್ ಅಥವಾ ಇಟ್ಟಿಗೆ ಪೇರಿಸುವುದು ಬೇಡ. ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ.

ಬೋಲ್ಟುಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಟ್ಟರೆ ಅರ್ಧ ಜಗಳ ತಪ್ಪುತ್ತದೆ. ಬೋಲ್ಟು ಬಾರದಿದ್ದಾಗ ಬೇರೆ ಕೆಲಸಗಳಲ್ಲಿ ಮಾಡುವಂತೆ ಗ್ಯಾಸ್ ಟಾರ್ಚಿನಲ್ಲಿ ಕಾಯಿಸುವುದು, ಗ್ರೈಂಡರ್ ಹಚ್ಚುವುದು, ಡ್ರಿಲ್ ಹೊಡೆಯುವುದು ಇಲ್ಲಿ ಸಲ್ಲದು. ಎಣ್ಣೆ ಮತ್ತು ತಾಳ್ಮೆಗೆ ಬಗ್ಗದ ಬೋಲ್ಟನ್ನು ವರ್ಕ್‌ಶಾಪಿಗೇ ಬಿಡಿ.

ಮೊದಲು ತುಂಬುವ ಪೈಪಿನ ದಪ್ಪ ರಬ್ಬರು, ಅದರ ಪಕ್ಕದಲ್ಲೇ ಹೋಗುವ ತೆಳ್ಳಗಿನ ಗಾಳಿಪೈಪು ಬಿಚ್ಚಿ. ನಂತರ ಎಂಜಿನ್ನಿಗೆ ಹೋಗುವ ಪೈಪು, ಮಿಕ್ಕ ಪೆಟ್ರೋಲ್ ಹಿಂದಿರುಗುವ ಪೈಪು, ಆವಿ ಹೋಗುವ ಪೈಪು. ಪ್ರತಿಯೊಂದಕ್ಕೂ ಟೇಪಿನ ತುಂಡು ಅಂಟಿಸಿ ಗುರುತು ಬರೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದಿದ್ದರೆ ಮುಚ್ಚಳ ತೆಗೆಯುವ ಮೊದಲೇ ತೆಗೆದಿಡಿ. ಹೋಗುವ ಪೈಪು ಮತ್ತು ಹಿಂದಿರುಗುವ ಪೈಪು ಅದಲುಬದಲಾದರೆ ಟ್ಯಾಂಕಿನಲ್ಲಿ ಪೆಟ್ರೋಲಿದ್ದರೂ ಕಾರು ಮಧ್ಯದಲ್ಲೇ ನಿಲ್ಲುತ್ತದೆ, ಕಾರಣ ಹುಡುಕುವುದು ಕಷ್ಟ. ಅಂಟಿಕೊಂಡ ಹಳೆಯ ರಬ್ಬರನ್ನು ಎಳೆದಾಡಿದರೆ ಲೋಹದ ನಳಿಕೆ ಬಾಗುತ್ತದೆ. ಹೇಗೂ ಹೊಸದು ಹಾಕುವುದಿರುವುದರಿಂದ ಚಾಕುವಿನಲ್ಲಿ ಉದ್ದಕ್ಕೆ ಸೀಳಿ ತೆಗೆಯಿರಿ. ಪ್ರತಿ ಪೈಪಿನಲ್ಲೂ ಒಂದಿಷ್ಟು ಪೆಟ್ರೋಲ್ ಉಳಿದಿರುತ್ತದೆ, ಕೆಳಗೆ ಅಗಲ ಬಾಯಿಯ ಲೋಹದ ತಟ್ಟೆ ಇಟ್ಟುಕೊಂಡು ಬಿಚ್ಚಿ.

ಟ್ಯಾಂಕಿನಡಿ ಒಂದು ಪ್ಲೈವುಡ್ ತುಂಡು, ಅದರಡಿ ಜಾಕಿ. ಜಾಕಿ ಭಾರವನ್ನು ಹಿಡಿದ ಮೇಲೆ ಬೋಲ್ಟುಗಳನ್ನು ಬಿಡಿಸಿ ಕೈಯಗಲದಷ್ಟು ಮಾತ್ರ ಇಳಿಸಿ ನಿಲ್ಲಿಸಿ. ಮೇಲ್ಭಾಗದಲ್ಲಿರುವ ಮೀಟರ್ ಯೂನಿಟ್ಟಿನ ವೈರು, ಕೈಗೆ ಸಿಗದಿದ್ದ ಪೈಪು ಈಗ ಸಿಗುತ್ತವೆ. ಅವು ಬಿಟ್ಟ ಮೇಲೆ ಪೂರ್ತಿ ಇಳಿಸಿ ಹೊರಕ್ಕೆ ಎಳೆದು, ತೂತುಗಳಿಗೆಲ್ಲ ಬಿರಡೆ ಹಾಕಿ ದೂರ ಒಯ್ಯಿರಿ.

ಈ ಹಂತದಲ್ಲಿ ಬರುವ ದೊಡ್ಡ ಆಸೆಯೆಂದರೆ ‘ತೂತು ಇಷ್ಟೇ ಇದೆಯಲ್ಲ, ವೆಲ್ಡಿಂಗ್ ಮಾಡಿಸಿಬಿಡೋಣ’ ಎಂಬುದು. ಮೇಲಿನ ಎರಡು ಮಿಲಿಲೀಟರಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ನೀರು ತುಂಬಿಸಿ ಬೆಸುಗೆ ಹಾಕುತ್ತೇವೆ, ಸೋಪುನೀರಿನಲ್ಲಿ ತೊಳೆದಿದ್ದೇವೆ, ವಾರ ಬಿಸಿಲಿಗಿಟ್ಟಿದ್ದೇವೆ ಎಂದು ಧೈರ್ಯ ಹೇಳುವವರಿರುತ್ತಾರೆ. ನೀರು ತುಂಬಿಸಿದರೂ ಬೆಸುಗೆಯ ಜಾಗದಲ್ಲಿ ಗಾಳಿಯ ಪೊಟರೆ ಉಳಿಯುತ್ತದೆ. ಹಳೆಯ ಟ್ಯಾಂಕಿನ ಒಳಮೈಗೆ ಅಂಟಿದ ಗೋಂದು, ತುಕ್ಕಿನ ಪದರ, ಮಡಿಚಿದ ಅಂಚು ಇವೆಲ್ಲ ಪೆಟ್ರೋಲನ್ನು ಹೀರಿಟ್ಟುಕೊಂಡಿರುತ್ತವೆ. ವಾಸನೆ ಬಾರದ ಟ್ಯಾಂಕಿನಿಂದಲೂ ಬೆಸುಗೆಯ ಕಾವಿಗೆ ಹೊಸದಾಗಿ ಆವಿ ಏಳುತ್ತದೆ. ಡೀಸೆಲ್ ಟ್ಯಾಂಕುಗಳು ವೆಲ್ಡಿಂಗ್ ಮಾಡುವಾಗ ಸಿಡಿಯುವುದೂ ಇದೇ ಕಾರಣದಿಂದ. ಸಿಡಿದಾಗ ಎದುರಿಗೆ ಕೂತಿರುವವನು ವೆಲ್ಡರ್. ಹೊಸ ಟ್ಯಾಂಕಿನ ಬೆಲೆ ಎಷ್ಟೇ ಇರಲಿ, ಅದನ್ನು ಇನ್ನೊಬ್ಬನ ಕೈ, ಕಣ್ಣುಗಳ ಜೊತೆ ತೂಗುವಂತಿಲ್ಲ.

ಹೊಸದನ್ನು ಕೂರಿಸುವುದು

ಬೆಂಗಳೂರಿನವರಿಗೆ ಇಂಥ ಸಾಮಾನಿಗೆ ಜೆ.ಸಿ. ರಸ್ತೆ ಇದೆ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಟ್ಯಾಂಕುಗಳೂ ಸಿಗುತ್ತವೆ. ಬಾಗಿಲು, ಗಾಜು, ಬಂಪರಿಗೆ ಗುಜರಿ ಒಳ್ಳೆಯದೇ. ಟ್ಯಾಂಕನ್ನು ಮಾತ್ರ ಅಲ್ಲಿಂದ ತರಬೇಡಿ, ಒಳಗಿನ ತುಕ್ಕು ಹೊರಗೆ ಕಾಣುವುದಿಲ್ಲ. ಹಳೆಯ ಟ್ಯಾಂಕಿನ ಅಳತೆಗಳನ್ನು ಬರೆದುಕೊಂಡು ಹೋಗಿ. ಕಾರ್ಬ್ಯುರೇಟರ್ ಮಾದರಿಯ ಟ್ಯಾಂಕು ಇಂಜೆಕ್ಷನ್ ಮಾದರಿಗೆ ಹೊಂದುವುದಿಲ್ಲ, ಪಂಪು ಕೂರುವ ಬಾಯಿಯೇ ಬೇರೆ. ನಳಿಕೆಗಳ ಸಂಖ್ಯೆ, ದಪ್ಪ, ಮೀಟರ್ ಯೂನಿಟ್ಟಿನ ಸ್ಕ್ರೂ ತೂತುಗಳ ಜಾಗ ಇವು ಮೂರೂ ತಾಳೆಯಾಗಬೇಕು.

ಹೊಸ ಟ್ಯಾಂಕಿನ ನಳಿಕೆಗಳಿಗೆ ಸಾಗಣೆಯ ಬಿರಡೆಗಳಿರುತ್ತವೆ. ಒಂದನ್ನು ತೆಗೆಯಲು ಮರೆತರೂ ಕಾರು ಓಡುವುದಿಲ್ಲ. ಒಳಗೆ ತುಕ್ಕುನಿರೋಧಕ ಎಣ್ಣೆ, ಪುಡಿ ಇದ್ದರೆ ಅರ್ಧ ಲೀಟರ್ ಒಳ್ಳೆಯ ಪೆಟ್ರೋಲ್ ಹಾಕಿ ಕುಲುಕಿ ಚೆಲ್ಲದೆ ಕ್ಯಾನಿಗೆ ಸುರಿದುಕೊಳ್ಳಿ. ಹಳೆಯ ಮೀಟರ್ ಯೂನಿಟ್ಟನ್ನು ಹೊಸದಕ್ಕೆ ಹಾಕುವುದಾದರೆ ಅದರ ತೇಲುಗುಂಡನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಮಾಡಿದರೆ ಅದು ತೂತಾಗಿದೆ, ಮೀಟರು ಸದಾ ಖಾಲಿ ತೋರಿಸುತ್ತದೆ. ಹಳೆಯ ಗ್ಯಾಸ್ಕೆಟ್ಟನ್ನು ಮತ್ತೆ ಬಳಸಬೇಡಿ. ಸಿಲಿಕಾನ್ ಗಮ್ ಮೆತ್ತುವ ಚಾಳಿ ವ್ಯಾಪಕವಾಗಿದೆ, ಸಾಮಾನ್ಯ ಸಿಲಿಕಾನ್ ಪೆಟ್ರೋಲಿನಲ್ಲಿ ಉಬ್ಬಿ ಕಿತ್ತುಬಂದು ಫಿಲ್ಟರ್ ಕಟ್ಟುತ್ತದೆ.

ರಬ್ಬರ್ ಪೈಪುಗಳ ವಿಷಯದಲ್ಲಿ ಜಿಪುಣತನ ಸಲ್ಲದು. ಹಳೆಯ ಕಾರುಗಳ ರಬ್ಬರು ಎಥೆನಾಲ್ ಇಷ್ಟಿಲ್ಲದ ಕಾಲದ್ದು. ಇ20ಗೆ ಅದು ಮೆತ್ತಗಾಗಿಯೋ ಗಟ್ಟಿಯಾಗಿ ಬಿರುಕುಬಿಟ್ಟೋ ಹಾಳಾಗಬಹುದು. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುವ ಗುರುತಿಲ್ಲದ ಕಪ್ಪು ಪೈಪು ಬೇಡ. ಪೈಪಿನ ಮೈಮೇಲೆ ಇಂಧನಕ್ಕೆಂದು ಮಾನಕದ ಗುರುತು ಅಚ್ಚಾಗಿರಬೇಕು. ಇಂಜೆಕ್ಷನ್ ಕಾರಿಗೆ ಎಸ್‌ಎಇ ಜೆ30 ಆರ್9 ದರ್ಜೆಯದನ್ನು ಕೇಳಿ. ಪಾರದರ್ಶಕ ಪ್ಲಾಸ್ಟಿಕ್ ಪೈಪು ಪೆಟ್ರೋಲ್ ಹರಿಯುವುದನ್ನು ತೋರಿಸುತ್ತದೆಂದು ಹಾಕುವವರಿದ್ದಾರೆ, ಎಂಜಿನ್ನಿನ ಕಾವಿಗೆ ಅದು ಗಟ್ಟಿಯಾಗಿ ಕ್ಲಾಂಪಿನ ಬಳಿ ಸೀಳುತ್ತದೆ. ಫಿಲ್ಟರ್ ಕೂಡ ಹೊಸದಿರಲಿ.

ಟ್ಯಾಂಕು ಕೆಳಗಿರುವಾಗ ಸಿಗುವ ಒಂದು ಅವಕಾಶವನ್ನು ಬಿಡಬೇಡಿ. ಕಾರಿನ ನೆಲದ ಆ ಭಾಗ ಮತ್ತೆ ಕಣ್ಣಿಗೆ ಬೀಳುವುದು ಎಷ್ಟೋ ವರ್ಷಗಳ ನಂತರ. ಕೆಸರು ಕೆರೆದು, ತುಕ್ಕು ಉಜ್ಜಿ, ತುಕ್ಕುನಿರೋಧಕ ಬಣ್ಣ ಹಚ್ಚಿ. ಹೊಸ ಟ್ಯಾಂಕಿನ ಮೇಲ್ಭಾಗಕ್ಕೂ ಇನ್ನೊಂದು ಪದರ ಕೊಟ್ಟು ಪೂರ್ತಿ ಒಣಗಲು ಬಿಡಿ. ಟ್ಯಾಂಕು ಮತ್ತು ಕಾರಿನ ನಡುವೆ ಇದ್ದ ರಬ್ಬರ್ ಪಟ್ಟಿಗಳನ್ನು ಅಲ್ಲಲ್ಲೇ ಕೂರಿಸಿ. ಅವಿಲ್ಲದೆ ಲೋಹಕ್ಕೆ ಲೋಹ ತಾಗಿದರೆ ಬಣ್ಣ ಸವೆದು ಅಲ್ಲೇ ತುಕ್ಕು ಶುರುವಾಗುತ್ತದೆ. ನೀರು ಹೀರುವ ಸ್ಪಂಜು, ಗೋಣಿ, ಕಂಬಳಿ ತುರುಕುವುದು ಇನ್ನೂ ಕೆಟ್ಟದ್ದು.

ಕೂರಿಸುವ ಕ್ರಮ ಬಿಚ್ಚಿದ್ದರ ಉಲ್ಟಾ. ಅರ್ಧ ಎತ್ತಿ ಮೇಲಿನ ಪೈಪು, ವೈರು ಜೋಡಿಸಿ, ಗಾಳಿಪೈಪು ಮಡಿಸಿಕೊಳ್ಳದಂತೆ ನೋಡಿಕೊಂಡು ಪೂರ್ತಿ ಎತ್ತಿ. ಆ ಗಾಳಿಪೈಪು ಒತ್ತಿಕೊಂಡರೆ ಪೆಟ್ರೋಲ್ ಹೋದ ಜಾಗಕ್ಕೆ ಗಾಳಿ ಬರುವುದಿಲ್ಲ. ಕೆಲವು ಕಿಲೋಮೀಟರ್ ಓಡಿ ಎಂಜಿನ್ ಬಿಕ್ಕಳಿಸಿ ನಿಂತು, ಮುಚ್ಚಳ ತೆರೆದಾಗ ಬುಸ್ಸೆಂದು ಗಾಳಿ ಒಳಹೋಗಿ ಮತ್ತೆ ಸ್ಟಾರ್ಟ್ ಆದರೆ ದೋಷ ಇಲ್ಲೇ ಇದೆ. ಮೀಟರ್ ಯೂನಿಟ್ಟಿನ ಅರ್ತಿಂಗ್ ಕೆಲವು ಕಾರುಗಳಲ್ಲಿ ಟ್ಯಾಂಕಿನ ಮೈಯಿಂದಲೇ ಆಗುತ್ತದೆ. ಹೊಸ ಬಣ್ಣ ಅದನ್ನು ತಡೆಯುವುದರಿಂದ ಆ ಜಾಗವನ್ನು ಲೋಹ ಕಾಣುವಷ್ಟು ಉಜ್ಜಿರಬೇಕು.

ಮೊದಲಿಗೆ ಐದು ಲೀಟರ್ ಮಾತ್ರ ಹಾಕಿ. ತಳದ ಕೀಲುಗಳನ್ನೆಲ್ಲ ಒಣ ಕಾಗದದಿಂದ ಒರೆಸಿ ನೋಡಿ, ಕಣ್ಣಿಗೆ ಕಾಣದ ತೇವವೂ ಕಾಗದದಲ್ಲಿ ಗೊತ್ತಾಗುತ್ತದೆ. ಚೆಲ್ಲಿದ್ದ ಪೆಟ್ರೋಲ್, ಒದ್ದೆ ಮರಳು ಎಲ್ಲ ತೆಗೆದು, ವಾಸನೆ ಆರಿದ ಮೇಲೆಯೇ ಬ್ಯಾಟರಿ ಜೋಡಿಸಿ. ಇಂಜೆಕ್ಷನ್ ಕಾರಾದರೆ ಕಿತ್ತಿಟ್ಟ ಫ್ಯೂಸ್ ಹಾಕಿ, ಸ್ಟಾರ್ಟ್ ಮಾಡದೆ ಮೂರು ನಾಲ್ಕು ಸಲ ಕೀ ಆನ್ ಆಫ್ ಮಾಡಿ ಪೈಪ್ ತುಂಬಿಸಿ. ಕಾರ್ಬ್ಯುರೇಟರ್ ಕಾರು ಕೆಲ ಹೊತ್ತು ಸೆಲ್ಫ್ ಹೊಡೆಸಿಕೊಳ್ಳುತ್ತದೆ, ನಡುನಡುವೆ ಸ್ಟಾರ್ಟರಿಗೆ ಬಿಡುವು ಕೊಡಿ. ಚಾಲೂ ಇರುವಾಗ ಮತ್ತೊಮ್ಮೆ ಕಾಗದದ ಪರೀಕ್ಷೆ ಮಾಡಿ. ಎಲ್ಲ ಒಣಗಿದ್ದರೆ ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿ, ತುಂಬುವ ಪೈಪಿನ ಕೀಲನ್ನು ಪರೀಕ್ಷಿಸಿ. ಅದು ಸೋರುವುದು ತುಂಬಿದಾಗ ಮಾತ್ರ. ಆ ರಾತ್ರಿ ಕಾರು ಬಯಲಲ್ಲೇ ಇರಲಿ.

ತೆಗೆದಿಟ್ಟ ಪೆಟ್ರೋಲನ್ನು ಮತ್ತೆ ಬಳಸುವ ಮೊದಲು ಸ್ವಲ್ಪವನ್ನು ಸಣ್ಣ ಗಾಜಿನ ಸೀಸೆಯಲ್ಲಿ ಮುಚ್ಚಿ ಬಯಲಿನ ನೆರಳಲ್ಲಿ ರಾತ್ರಿಯಿಡೀ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಇಡೀ ಪೆಟ್ರೋಲ್ ಕೆಟ್ಟಿದೆ. ಮೇಲಿನದು ಶುದ್ಧವಾಗಿ ಕಂಡರೂ ಅದರ ಎಥೆನಾಲ್ ಕೆಳಗಿಳಿದಿರುವುದರಿಂದ ಆಕ್ಟೇನ್ ಕುಸಿದಿರುತ್ತದೆ. ಅದನ್ನು ಚರಂಡಿಗೋ ಮಣ್ಣಿಗೋ ಸುರಿಯಬೇಡಿ. ಕರಾವಳಿಯಂತೆ ನೀರು ಮೇಲಿರುವ ಕಡೆ ಅದು ನೆರೆಮನೆಯ ಬಾವಿ ಸೇರಲು ತಡವಾಗದು. ಒಪ್ಪಿಕೊಳ್ಳುವ ವರ್ಕ್‌ಶಾಪಿಗೆ, ಇದು ನೀರು ಬೆರೆತದ್ದು ಎಂದು ಹೇಳಿಯೇ ಕೊಡಿ.

ಹಳೆಯ ಟ್ಯಾಂಕು ಕೊನೆಗೆ ಗುಜರಿಯವರಿಗೆ ಹೋಗುತ್ತದೆ. ಅವರು ಅದನ್ನು ಗ್ಯಾಸ್ ಕಟರಿನಿಂದ ಕತ್ತರಿಸುವ ಸಾಧ್ಯತೆ ಇದೆ, ಅದು ಪೆಟ್ರೋಲ್ ಟ್ಯಾಂಕೆಂದು ಗೊತ್ತಾಗದಷ್ಟು ತುಕ್ಕು ಹಿಡಿದಿರಬಹುದು. ಬಿರಡೆಗಳನ್ನು ತೆಗೆದು, ಮೀಟರ್ ಯೂನಿಟ್ಟಿನ ದೊಡ್ಡ ಬಾಯಿ ಕೆಳಗಾಗುವಂತೆ ಎರಡು ಕಲ್ಲಿನ ಮೇಲೆ ಎತ್ತಿ, ಜನ ಓಡಾಡದ ಬಯಲಲ್ಲಿ ಹಲವು ದಿನ ಬಿಡಿ, ಭಾರವಾದ ಆವಿ ಕೆಳಮುಖವಾಗಿ ಇಳಿದುಹೋಗುತ್ತದೆ. ಹಾಗೆ ಬಿಟ್ಟ ಮಾತ್ರಕ್ಕೆ ಅದು ಬೆಂಕಿಗೆ ಸುರಕ್ಷಿತವಾಯಿತು ಎಂದಲ್ಲ. ಎರಡೂ ಬದಿಗೆ ದೊಡ್ಡ ಅಕ್ಷರದಲ್ಲಿ ‘ಪೆಟ್ರೋಲ್ ಟ್ಯಾಂಕ್, ಬೆಂಕಿ ತಾಗಿಸಬೇಡಿ’ ಎಂದು ಪೇಂಟಿನಲ್ಲಿ ಬರೆದು, ಕೊಡುವಾಗ ಬಾಯಿ ಬಿಟ್ಟೂ ಹೇಳಿ. ಬರೆದದ್ದನ್ನು ಓದಲು ಬಾರದವನೂ ಅಲ್ಲಿ ಕೆಲಸಕ್ಕಿರಬಹುದು.